ಕಣ್ಣು ಬರೆಯದ ದೇವಿ

“ಅಯ್ಯೋ ಭವ್ಯಾ, ಎಂತ ಇದು? ನಿನ್ನ ದೇವಿಗೆ ಕಣ್ಣೇ ಇಲ್ವಲ್ಲೆ!”

ದುರ್ಗತ್ತೆ ಅಷ್ಟು ಜೋರಾಗಿ ಹೇಳಬಾರದಿತ್ತು. ಅಂಕೋಲೆಯ ಆ ಸಭಾಭವನದಲ್ಲಿ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಭವ್ಯಾ ಅಂಚೆಚೀಟಿಯ ಹಾಳೆಯನ್ನು ಕಸಿದುಕೊಂಡಳು. ಆಗಷ್ಟೇ ಬಿಡುಗಡೆಯಾದ ದೀಪಾವಳಿಯ ವಿಶೇಷ ಅಂಚೆಚೀಟಿ. ಅವರ್ಸಾದಲ್ಲಿ ದುರ್ಗತ್ತೆಯ ಜಗಲಿಯ ಗೋಡೆ ಮೇಲೆ ಕಳೆದ ಹಬ್ಬಕ್ಕೆ ಅವಳೇ ಕೆಮ್ಮಣ್ಣು, ಅಕ್ಕಿಹಿಟ್ಟಿನಲ್ಲಿ ಬರೆದ ಲಕ್ಷ್ಮಿ. ಕಮಲ ಇದೆ, ಮೂಗುತಿ ಇದೆ, ಕೈಯಲ್ಲಿ ಭತ್ತದ ತೆನೆ ಇದೆ... ಕಣ್ಣಿನ ಜಾಗ ಮಾತ್ರ ಖಾಲಿ!

ಅವಳು ವೇದಿಕೆ ಕಡೆ ನೋಡಿದಳು. ಅಲ್ಲಿ ನಿಂತಿದ್ದ, ಕಾರವಾರದ ಅಂಚೆ ಕಚೇರಿಯ ಸಂದೇಶ. ಈ ಫೋಟೊ ತೆಗೆದು ಇಲಾಖೆಗೆ ಕಳಿಸಿದವನು. ಅವಳನ್ನು ಕಂಡದ್ದೇ ಮುಖ ಅರಳಿಸಿ ನಕ್ಕ.

‘ನಗ್ತಾನಾ? ಇಷ್ಟು ಮಾಡಿಯೂ ನಗ್ತಾನಾ?’

ಕಳೆದ ವರ್ಷ ಎರಡು ದಿನ ಗೋಡೆಯ ಬದಿಯಲ್ಲೇ ಕೂತು ಅವಳು ಬರೆಯುವುದನ್ನು ನೋಡಿದವನು ಅವನು. ಆಮೇಲೆ ಭಾನುವಾರ ಬಂತೆಂದರೆ ತೆಂಗಿನಕಾಯಿ ಬೇಕು ಎಂದು ಬೈಕಿನಲ್ಲಿ ಅವರ್ಸಾಕ್ಕೆ ಹಾಜರು.

“ನಿಮ್ಮೂರು ಮಾಜಾಳಿಯಲ್ಲಿ ತೆಂಗಿನಮರ ಸತ್ತೇ ಹೋದ್ವಾ ಮಾರಾಯಾ?” ಎಂದು ದುರ್ಗತ್ತೆ ಕಿಚಾಯಿಸಿದರೆ, ಭವ್ಯಾ ಒಳಗೆ ಓಡಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಅಷ್ಟು ನಂಬಿದ್ದಳಲ್ಲ!

ಅವಳ ಮನೆತನದಲ್ಲಿ ಕಣ್ಣು ಬರೆಯುವುದು ಕೊನೆಗೆ. ಹಬ್ಬದ ಬೆಳಗ್ಗೆ, ಬಾಯಿಗೆ ನೀರೂ ಹಾಕದೆ. ಕಣ್ಣು ಬಿದ್ದ ಮೇಲೆ ಅದು ಚಿತ್ರವಲ್ಲ, ದೇವಿ. ಇದನ್ನೆಲ್ಲ ಸಂದೇಶನಿಗೆ ಬಿಡಿಸಿ ಹೇಳಿದ್ದವಳೂ ಅವಳೇ.

ಹೊರಗೆ ಬಂದಾಗ ದುರ್ಗತ್ತೆ ಮೆಲ್ಲಗೆ ಅಂದಳು: “ಊರವ್ರು ಕುರುಡಿ ಲಕ್ಷ್ಮಿ ಅಂತ ನಗಾಡ್ತ್ರು ಮಗಾ. ಈ ಸಲ ಗೋಡೆ ಕೆಳಗಿನ ಕೇರಿ ಕಾಮಿ ಹತ್ರ ಬರೆಸ್ತೆ. ಬೇಜಾರ ಮಾಡ್ಕಬೇಡ.”

ಬೇಜಾರು ಮಾಡಿಕೊಳ್ಳಬಾರದಾ? ಅದು ಅಮ್ಮ ಬರೆಯುತ್ತಿದ್ದ ಗೋಡೆ. ಅಮ್ಮ ತೀರಿಕೊಂಡ ಮೇಲೂ, ಅದರ ಮುಂದೆ ಕೂತಷ್ಟು ಹೊತ್ತು ಅಮ್ಮ ಬೆನ್ನ ಹಿಂದೆಯೇ ಇದ್ದಾಳೆ ಅನಿಸುತ್ತಿತ್ತು. ಈಗ ಅದೂ ಹೋಯಿತು!

ಸಂದೇಶನ ಕರೆಗೆ ಅವಳ ಫೋನು ಬಡಿದುಕೊಂಡಿತು. ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಎತ್ತಲಿಲ್ಲ. ಸುಮ್ಮನಾದಾಗ, ‘ಇಷ್ಟಕ್ಕೇ ಬಿಟ್ಟನಾ?’ ಎಂದು ಸಿಟ್ಟು ಇನ್ನೂ ಏರಿತು.

ಮರುದಿನ ಕಾರವಾರದ ಬಸ್ಸು ಹತ್ತಿದಳು. ಸೀಟು ಸಿಕ್ಕರೂ ಕೂರಲಾಗಲಿಲ್ಲ. ಕಿಟಕಿ ತೆರೆದಳು, ಮುಚ್ಚಿದಳು. ಹೇಳಬೇಕಾದ ಮಾತನ್ನು ಜೋಡಿಸಿದಳು, ಮುರಿದಳು. ಕೌಂಟರಿನ ಮುಂದೆ ನಿಂತಾಗ ಒಂದೂ ನೆನಪಿರಲಿಲ್ಲ.

“ನನ್ನ ದೇವಿ ನಿಮಗೆಂತ ಮಾಡಿದ್ಲು ಸಂದೇಶ? ಕಣ್ಣು ಬರೆದ ಮೇಲೂ ಫೋಟೊ ತೆಗೆದ್ರಲ್ಲ, ಅದೆಂತಾಯ್ತು?”

“ಇದೆ. ಎರಡೂ ಇದೆ,” ಎಂದ ಅವನು ತಲೆ ತಗ್ಗಿಸಿ. “ಕಣ್ಣಿಲ್ಲದ್ದೇ ಆರಿಸಿ ಕಳಿಸಿದ್ದು ನಾನು.”

“ಬೇಕಂತಲೇ?!”

“ತಂಗೀ, ಜಗಳ ಆದ್ರೆ ಬದಿಗೆ ನಿಂತು ಆಡು,” ಎಂದರು ಹಿಂದೆ ನಿಂತ ಹಿರಿಯರು, ಲಕೋಟೆ ಮುಂದೆ ಚಾಚುತ್ತ. “ಬೈತಖೋಲ ಬಂದರದಲ್ಲಿ ಬೋಟು ಬರೂ ಹೊತ್ತಾಯ್ತು ನಂಗೆ.”

ಲಕೋಟೆಯ ಮೂಲೆಯಲ್ಲಿ ಅವಳದೇ ಲಕ್ಷ್ಮಿ. ಸಂದೇಶ ಮೊಹರು ಎತ್ತಿದ.

ಠಪ್!

ಮುಖದ ಮೇಲೆ ನೇರವಾಗಿ ಕಪ್ಪು ಮಸಿಯ ಉಂಗುರ. ತನ್ನ ಕೆನ್ನೆಗೇ ಹೊಡೆದಂತಾಗಿ ಭವ್ಯಾ ಒಂದು ಹೆಜ್ಜೆ ಹಿಂದೆ ಸರಿದಳು.

“ಇದು ನನ್ನ ಕೆಲಸ,” ಅವನ ದನಿ ಇಳಿದಿತ್ತು. “ಚೀಟಿ ಮತ್ತೊಮ್ಮೆ ಬಳಸಬಾರದು ಅಂತ ಮಸಿ ಹೊಡೀಲೇಬೇಕು. ದೇವರ ಚಿತ್ರ ಬಂದಾಗೆಲ್ಲ ಮನಸ್ಸಲ್ಲೇ ಕೈ ಮುಗಿದು ಹೊಡೀತೇನೆ. ಆದ್ರೆ ನೀವು ಉಪವಾಸ ಕೂತು ಆ ಕಣ್ಣು ಬರೆದದ್ದು ನಾನು ನೋಡಿದ್ದೆನಲ್ಲ... ಆ ಮುಖಕ್ಕೆ ಮಸಿ? ನನ್ನ ಕೈಯಿಂದ ಆಗ್ತಿರ್ಲಿಲ್ಲ ಭವ್ಯಾ. ಕಣ್ಣು ಬೀಳುವ ಮುಂಚೆ ಅದು ಬರೀ ಚಿತ್ರ ಅಂದಿದ್ರಿ. ಅದಕ್ಕೇ...”

ಅವಳ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡಿತು.

“ಹಾಂಗಾದ್ರೆ... ಹಾಂಗಾದ್ರೆ ನನ್ನ ಕೇಳ್ಬೇಕಿತ್ತು! ಚಿತ್ರ ನಂದು!”

“ಹೌದು. ತಪ್ಪಾಯ್ತು. ಭಾನುವಾರ ಬಂದದ್ದೆಲ್ಲ ಅದನ್ನ ಹೇಳ್ಲಿಕ್ಕೇ. ಬಂದ ಮೇಲೆ ಬೇರೆ ಏನೋ ಹೇಳ್ಬೇಕು ಅನ್ನಿಸ್ತಿತ್ತು. ಎರಡೂ ಹೇಳದೇ ಕಾಯಿ ಕಟ್ಟಿಸ್ಕೊಂಡು ಹೋಗ್ತಿದ್ದೆ. ನಿನ್ನೆ ನೀವು ನೋಡಿದಾಗ, ಅರ್ಥ ಆಯ್ತೇನೋ ಅಂತ ನಕ್ಕೆ...”

“ಬೇರೆ ಏನು?” ಎಂದು ಕೇಳಲು ಬಾಯಿ ತೆರೆದಳು. ಹಿರಿಯರು ಚಿಲ್ಲರೆ ಕೇಳಿದರು. ಮಾತು ಅಲ್ಲೇ ಉಳಿಯಿತು.

ಸಂಜೆ ಸಂದೇಶ ತಾನೇ ಅವರ್ಸಾಕ್ಕೆ ಬಂದು, ಅಂಗಳದಲ್ಲಿ ನಿಂತು ದುರ್ಗತ್ತೆಗೆ ಎಲ್ಲ ಹೇಳಿದ. ದುರ್ಗತ್ತೆ ಅಂಚೆಚೀಟಿಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

“ಅಲ್ದಾ ಮತ್ತೆ!” ಎಂದಳು ಕೊನೆಗೆ. “ನಮ್ಮ ಭವ್ಯಾ ಕಣ್ಣು ಮರೀತದ್ಯೇ? ನಗಾಡಿದವ್ರಿಗೆ ನಾನೇ ಹೇಳ್ತೆ ತಡಿ! ಕಾಮಿಗೆ ಫೋನ್ ಹಚ್ಚೇ, ಬರೂದು ಬೇಡ ಅನ್ನು.”

ಹಬ್ಬದ ಬೆಳಗ್ಗೆ ಸುಣ್ಣ ಬಳಿದ ಆ ಗೋಡೆ ಮುಂದೆ ಭವ್ಯಾ ಕೂತಿದ್ದಳು. ದುರ್ಗತ್ತೆ ಒಳಗೆ ಒಲೆಯ ಮುಂದೆ. ಸಂದೇಶ ಹಿಟ್ಟಿನ ಬಟ್ಟಲನ್ನು ನೆಲಕ್ಕಿಟ್ಟು ದೀಪ ಹಿಡಿದಿದ್ದ. ಅವಳು ಎಡಗಣ್ಣು ಬರೆದಳು. ಆಮೇಲೆ ಕೈ ತಡೆದಳು.

“ಯಾಕೆ ನಿಲ್ಲಿಸಿದ್ರಿ?”

“ಆವತ್ತು ಬೇರೆ ಏನೋ ಅಂದ್ರಲ್ಲ... ಅದೆಂತ?”

“ಈಗಲಾ? ದೇವಿ ಎದುರಿಗಾ?”

“ಒಂದೇ ಕಣ್ಣಲ್ಲಿ ನೋಡ್ತಾ ಕಾಯ್ತಿದ್ದಾಳೆ. ಬೇಗ ಹೇಳಿ!”

ದೀಪ ಅಲುಗಿತು. “ನೀನಂದ್ರೆ ಇಷ್ಟ ಭವ್ಯಾ. ಮಾಜಾಳಿಯಲ್ಲಿ ನಮ್ಮನೆ ಗೋಡೆ ಖಾಲಿ ಇದೆ. ಬರ್ತೀಯಾ?”

“ಗೋಡೆಗೆ ಜನ ಬೇಕಾ?”

“ಗೋಡೆ ಹೆಸರಿಗೆ. ಬೇಕಾದದ್ದು ನಂಗೆ.”

ಅವಳ ಕಣ್ಣು ತುಂಬಿ ಗೋಡೆ ಮಸುಕಾಯಿತು. ಒರೆಸಿಕೊಂಡು, ಉಸಿರು ಬಿಗಿಹಿಡಿದು ಬಲಗಣ್ಣು ಬರೆದು ಮುಗಿಸಿದಳು. ಆಮೇಲೆ ಅವನ ಕಡೆ ತಿರುಗಿದಳು.

“ಬರ್ತೆ. ಆದ್ರೆ ನನ್ನದು ಎಂತಾದ್ರೂ ಮುಟ್ಟೂ ಮುಂಚೆ ನನ್ನ ಕೇಳ್ಬೇಕು.”

“ಕೇಳ್ತೇನೆ. ಈಗ... ಕೈ ಹಿಡೀಲಾ?”

“ಹ್ಞೂಂ.”

ಅಷ್ಟರಲ್ಲಿ ದುರ್ಗತ್ತೆಯ ಕೋಳಿ ಹಿಟ್ಟಿನ ಬಟ್ಟಲಿಗೆ ಕಾಲಿಟ್ಟು, ಸಾರಿಸಿದ ಜಗಲಿಯುದ್ದಕ್ಕೂ ಲಕ್ಷ್ಮಿಯ ಪಾದಗಳಂತೆ ಬೆಳ್ಳನೆಯ ಹೆಜ್ಜೆ ಮೂಡಿಸುತ್ತ ಒಳಮನೆಗೆ ಓಡಿತು.