ಲಾರಿಯ ಅಡಿಯಲ್ಲಿ ಪೌಡರ್

"ಮೂಸಿ ನೋಡು" ಎಂದು ಅಮ್ಮ ತನ್ನ ಒದ್ದೆ ಬೆರಳನ್ನು ನಟ್ಟುವಿನ ಮೂಗಿನ ಹತ್ತಿರ ಹಿಡಿದಳು.

ನಟ್ಟು ಮೂಸಿದಳು. ಮುಖ ಕಿವುಚಿಕೊಂಡಳು. ಕೊಳೆತ ಮೊಟ್ಟೆ ಮೂಸಿದ ಹಾಗಿತ್ತು.

"ಇಂಜಿನ್ ಆಯಿಲ್ ಅಲ್ಲಮ್ಮಾ. ಗೇರ್ ಆಯಿಲ್."

"ಹಾಗಾದ್ರೆ ಮತ್ತೆ ಅದೇ" ಎಂದು ಅಮ್ಮ ಬೆರಳನ್ನು ಹಳೇ ಬಟ್ಟೆಗೆ ಒರೆಸಿಕೊಂಡಳು.

ಲಾರಿ ಶೆಡ್ಡಿನೊಳಗೆ ನಿಂತಿತ್ತು. ಹಿಂದಿನ ಚಕ್ರಗಳ ನಡುವೆ ನೆಲದ ಮೇಲೆ ತಟ್ಟೆಯಗಲದ ಕಲೆ. ಕಲೆಯ ನೇರಕ್ಕೆ ಮೇಲೆ ಡಿಫರೆನ್ಷಿಯಲ್. ಹೆಸರು ಕೇಳಿ ಗಾಬರಿಯಾಗಬೇಡಿ. ಎರಡು ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿರುವ ಕಬ್ಬಿಣದ ಬುರುಡೆ ಅದು, ಅಷ್ಟೇ. ಅದರೊಳಗೆ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗುತ್ತವೆ. ಬೇರೆ ಲಾರಿಗಳಿಗೆ ಹಿಂದೆ ಮಾತ್ರ ಇದ್ದರೆ ಸಾಕು. ಈ ಲಾರಿಯ ನಾಲ್ಕು ಚಕ್ರಗಳೂ ಎಳೆಯುತ್ತವೆ, ಹಾಗಾಗಿ ಮುಂದೊಂದು, ಹಿಂದೊಂದು. ಗುಡ್ಡದ ಕೆಸರು ದಾರಿ ಹತ್ತಬೇಕೆಂದರೆ ಅಂಥದ್ದೇ ಗಾಡಿ ಬೇಕು. ಅಮ್ಮ ಅದರಲ್ಲಿ ಗುಡ್ಡದ ಮೇಲಿನ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಒಯ್ಯುತ್ತಿದ್ದಳು.

ಅಪ್ಪ ಮೆಕ್ಯಾನಿಕ್. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ, ಯಾರದೋ ಜೀಪಿನ ಅಡಿಯಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು.

"ರೀ, ಮತ್ತೆ ಸೋರ್ತಿದೆ" ಎಂದು ಅಮ್ಮ ಆ ಕಾಲುಗಳಿಗೆ ಹೇಳಿದಳು. "ನಿನ್ನೆ ಮೇಲಿನ ತಿರುವು ಹತ್ತೋವಾಗ ಹಿಂದುಗಡೆ ಗೊಂಯ್ ಅಂತ ಸದ್ದು ಬೇರೆ ಬಂತು."

ಆಮೇಲೆ ಅಪ್ಪ ಹೊರಗೆ ಬಂದ. ಕೈಪಂಪಿನಲ್ಲಿ ಎಣ್ಣೆ ತುಂಬಿಕೊಂಡು ಲಾರಿಯ ಅಡಿಗೆ ಹೋದ. ಕಡಿಮೆಯಾದಷ್ಟು ಎಣ್ಣೆ ಹಾಕಿ, ಬಿರಡೆ ಬಿಗಿ ಮಾಡಿ, ಎದ್ದು ಬಂದ.

"ಎಲ್ಲಿಂದ ಸೋರ್ತಿದೆ ಅಂತ ಗೊತ್ತಾಯ್ತಾ?" ಎಂದು ಅಮ್ಮ ಕೇಳಿದಳು.

"ಎಲ್ಲಾ ಕಡೆ ಒದ್ದೆ. ಹೇಗೆ ಗೊತ್ತಾಗತ್ತೆ? ಸಣ್ಣ ಸೋರಿಕೆ, ಬಿಡು. ಹುಷಾರಾಗಿ ಹೋಗ್ಬಾ."

ಇದೇ ಮಾತನ್ನು ಅಪ್ಪ ಎಷ್ಟೋ ದಿನದಿಂದ ಹೇಳುತ್ತಿದ್ದ. ನಟ್ಟುವಿನ ಅಣ್ಣ ತೀರಿಕೊಂಡ ಮೇಲೆ ಅಪ್ಪ ಆಡುವ ಮಾತೇ ನಾಲ್ಕೈದು, ಅದರಲ್ಲಿ ಇದೂ ಒಂದು.

ಅವಳಿಗೆ ನಟ್ಟು ಎಂದು ಹೆಸರಿಟ್ಟವನೇ ಅಣ್ಣ. "ಇಷ್ಟೇ ಇಷ್ಟು ಇದ್ದಾಳೆ, ಕೈಗೆ ಸಿಗಲ್ಲ, ಹುಡುಕಿದ್ರೆ ಯಾವಾಗ್ಲೂ ಗಾಡಿ ಅಡೀಲೇ ಇರ್ತಾಳೆ" ಎಂದು ಎಲ್ಲರಿಗೂ ಹೇಳಿ ನಗುತ್ತಿದ್ದ. ಅಪ್ಪನ ಜೊತೆ ಇದೇ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಈಗ ಶೆಡ್ಡಿನ ಗೋಡೆಯಲ್ಲಿ ತೂಗುತ್ತಿದ್ದ ಅವನ ನೀಲಿ ಅಂಗಿಯನ್ನು ಮೊಳೆಯಿಂದ ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ದಿನ ಶಾಲೆಯಲ್ಲಿ ಟೀಚರ್ ಭಿನ್ನರಾಶಿ ಹೇಳಿಕೊಡುತ್ತಿದ್ದರು. ನಟ್ಟುವಿನ ತಲೆಗೆ ಒಂದಕ್ಷರವೂ ಹತ್ತಲಿಲ್ಲ. ಅಣ್ಣ ಹಿಂದೊಮ್ಮೆ ಹೇಳಿದ್ದು ನೆನಪಾಗುತ್ತಿತ್ತು. "ಎಣ್ಣೆ ಖಾಲಿ ಆಯ್ತು ಅಂದ್ಕೋ, ಒಳಗಿನ ಹಲ್ಲುಗಳು ಕಚ್ಕೊಂಡ್ಬಿಡ್ತವೆ. ಚಕ್ರ ಅಲ್ಲೇ ಲಾಕ್."

ಗುಡ್ಡದ ತಿರುವಿನಲ್ಲಿ ಚಕ್ರ ಲಾಕ್ ಆದರೆ? ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಣ್ಣ ಹೋದ ಮೇಲೆ ಅಮ್ಮನೂ ಹೋದರೆ ಎಂಬ ಯೋಚನೆಯನ್ನು ಪೂರ್ತಿ ಮಾಡಲು ಅವಳಿಗೆ ಆಗಲಿಲ್ಲ.

ಜೊತೆಗೆ ಅಪ್ಪನ ಮೇಲೆ ಸಿಟ್ಟೂ ಬಂತು. ಬೇರೆಯವರ ಗಾಡಿಯಾದರೆ ಅಪ್ಪ ಸೋರುವ ಜಾಗವನ್ನು ಎಷ್ಟು ಬೇಗ ಹುಡುಕುತ್ತಾನೆ. ಮೊನ್ನೆ ತಾನೇ ಆ ಜೀಪಿಗೆ ಅವನು ಮಾಡಿದ್ದನ್ನು ಅವಳೇ ನೋಡಿರಲಿಲ್ಲವೇ? ಮೊದಲು ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡೆಲ್ಲ ಒರೆಸಿದ. ಒಣಗಿದ ಮೇಲೆ ಪೌಡರ್ ಉದುರಿಸಿದ. ಒಂದು ರೌಂಡ್ ಓಡಿಸಿ ಬಂದು ಅಡಿಗೆ ನೋಡಿದ. ಬಿಳಿ ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ಸೋರಿಕೆ. ಅಷ್ಟು ಸುಲಭ. ಹಾಗಿದ್ದರೆ ನಮ್ಮ ಲಾರಿಗೆ ಏನು ಬಂತು?

ಸಂಜೆ ಅಮ್ಮ ಲಾರಿ ತಂದು ನಿಲ್ಲಿಸಿದಾಗ ಅಪ್ಪ ಬಿಡಿಭಾಗದ ಅಂಗಡಿಗೆ ಹೋಗಿದ್ದ. ನಟ್ಟು ಒಳಗಿನಿಂದ ಓಡಿ ಬಂದಳು.

"ಅದು ನನ್ನ ಪೌಡರ್ ಡಬ್ಬಿ ಅಲ್ವೇನೇ?" ಎಂದು ಅಮ್ಮ ಕೇಳಿದಳು.

"ಹೂಂ. ಲಾರಿಗೆ ಮೇಕಪ್ ಮಾಡ್ತೀನಿ."

ಅಮ್ಮನ ತುಟಿಯ ತುದಿಗೆ ನಗು ಬಂದು ಹೋಯಿತು. ಅವಳಿಗೆ ವಿಷಯ ಅರ್ಥವಾಗಿತ್ತು. ಏನೂ ಕೇಳದೆ ಚಕ್ರಗಳಿಗೆ ಕಲ್ಲು ಕೊಟ್ಟಳು. ಬುರುಡೆಯ ಬಿಸಿ ಆರಲಿ ಎಂದು ಇಬ್ಬರೂ ಕಾದರು. ಆಮೇಲೆ ನಟ್ಟು ಗೋಣಿಚೀಲ ಹಾಸಿಕೊಂಡು ಅಡಿಗೆ ತೂರಿದಳು. ಉಜ್ಜಿ ಉಜ್ಜಿ ಜಿಡ್ಡು ತೆಗೆದಳು. ಬುರುಡೆಗೆ ಪೌಡರ್ ಬಳಿದಳು. ಅದರಲ್ಲಿ ಅರ್ಧ ಅವಳ ತಲೆಯ ಮೇಲೇ ಬಿತ್ತು.

"ಪೆಟ್ರೋಲ್ ಬಂಕ್‌ವರೆಗೂ ಹೋಗ್ಬಾಮ್ಮಾ. ಕೆಸರಿಗೆ ಮಾತ್ರ ಇಳಿಸ್ಬೇಡ."

ಅಮ್ಮ ಹೋಗಿ ಬಂದಳು. ಮತ್ತೆ ಕಲ್ಲು ಕೊಟ್ಟಳು. ನಟ್ಟು ಟಾರ್ಚ್ ಹಿಡಿದು ಅಡಿಗೆ ಹೋದಳು.

ಹಿಂದಿನ ಮುಚ್ಚಳ ಬಿಳಿ. ಕೆಳಗಿನ ಬಿರಡೆ ಬಿಳಿ. ಎರಡೂ ಚಕ್ರಗಳ ಒಳಬದಿ ಒಣಗಿಕೊಂಡೇ ಇತ್ತು. ಅವಳು ತೆವಳಿಕೊಂಡು ಬುರುಡೆಯ ಮುಂಭಾಗಕ್ಕೆ ಬಂದಳು. ಅಲ್ಲಿ, ಇಂಜಿನ್ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಬುರುಡೆಗೆ ಸೇರುವ ಜಾಗದಲ್ಲಿ, ಪೌಡರ್ ತೊಯ್ದು ಕಂದು ಗೆರೆಯಾಗಿತ್ತು.

"ಸಿಕ್ತು" ಎಂದು ನಟ್ಟು ಕೂಗಿದಳು. "ಸೀಲ್ ಅಮ್ಮಾ. ಮುಂದಿನ ಸೀಲ್."

ಎಣ್ಣೆ ಹೊರಗೆ ಬರದ ಹಾಗೆ ಶಾಫ್ಟಿನ ಸುತ್ತ ಕೂರಿಸುವ, ರಬ್ಬರ್ ಅಂಚಿನ ಬಳೆ ಅದು. ಅದನ್ನು ಕೂರಿಸಿದ್ದು ಯಾರು ಎಂಬುದು ಅವಳಿಗೆ ಕೂಗಿದ ಮೇಲೆ ನೆನಪಾಯಿತು.

ಅಣ್ಣ.

ಸೀಲ್ ಕೂರಿಸಿದ ಆ ಸಂಜೆ ಅಣ್ಣ ಹೆಗಲಿಗೆ ಕಂಬಳಿ ಹೊದ್ದುಕೊಂಡೇ ಲಾರಿಯ ಅಡಿಗೆ ಹೋಗಿದ್ದ. ಇದೇ ಟಾರ್ಚನ್ನು ನಟ್ಟು ಹಿಡಿದಿದ್ದಳು. ಅವನ ಕೈ ನಡುಗಿ ಸುತ್ತಿಗೆ ಜಾರಿದಾಗ, ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಹೊರಗಿನಿಂದ ಅಪ್ಪ, "ಇವತ್ತೇ ಮುಗಿಸಪ್ಪ, ಬೆಳಿಗ್ಗೆ ಗಾಡಿ ಹೊರಡ್ಬೇಕು" ಎಂದಿದ್ದ. ಮರುದಿನ ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವನು ವಾಪಸ್ ಬರಲಿಲ್ಲ.

ನಟ್ಟು ಟಾರ್ಚ್ ಆರಿಸಿ ಹಾಗೇ ಮಲಗಿದ್ದಳು. ಪಕ್ಕದಲ್ಲಿ ಚಪ್ಪಲಿಯ ಸದ್ದಾಯಿತು. ಅಪ್ಪ ಬಂದು ಕುಕ್ಕರಗಾಲಿನಲ್ಲಿ ಕೂತು, ಬಗ್ಗಿ, ಅವಳ ಬಿಳಿ ತಲೆಯನ್ನು ನೋಡಿದ. ಬುರುಡೆಯ ಕಡೆ ನೋಡಲೇ ಇಲ್ಲ.

"ಮುಂದಿನ ಸೀಲ್ ಅಲ್ವಾ?" ಎಂದ.

"ನಿಂಗೆ ಗೊತ್ತಿತ್ತಾ?"

"ಮೊದಲ ದಿನದಿಂದಾನೂ ಗೊತ್ತು."

"ಮತ್ತೆ ಗೊತ್ತಾಗ್ತಿಲ್ಲ, ಗೊತ್ತಾಗ್ತಿಲ್ಲ ಅಂತಿದ್ಯಲ್ಲಪ್ಪಾ."

ಅಪ್ಪ ಅಂಗೈಯಿಂದ ಮುಖ ಉಜ್ಜಿಕೊಂಡ.

"ಹಾಕಿದ ಸೀಲ್ ಹಾಗೇ ಹೊರಗೆ ಬರಲ್ಲ ಪುಟ್ಟಾ. ಒಡೆದೇ ತೆಗೀಬೇಕು. ಅವನು ಕೊನೇಗೆ ಮಾಡಿದ ಕೆಲ್ಸ ಅದು."

ಬೆಳಿಗ್ಗೆಯಿಂದ ಇದ್ದ ಸಿಟ್ಟು ಎಲ್ಲಿ ಹೋಯಿತೋ ನಟ್ಟುವಿಗೇ ತಿಳಿಯಲಿಲ್ಲ.

"ರೀ" ಎಂದಳು ಅಮ್ಮ, ಲಾರಿಯ ಬಾಗಿಲಿಗೆ ಒರಗಿಕೊಂಡು. ಅವಳ ದನಿ ಮೆತ್ತಗಿತ್ತು. "ನಾನು ಮತ್ತೆ ಅದೇ ತಿರುವು ಹತ್ಬೇಕು."

ಅಪ್ಪ ನೆಲ ನೋಡುತ್ತಾ ತಲೆಯಾಡಿಸಿದ.

ಮರುದಿನ ರಜೆ. ಅಪ್ಪ ಬೆಳಿಗ್ಗೆಯೇ ಶಾಫ್ಟು ಬಿಚ್ಚಿ ಕೆಳಗಿಳಿಸಿದ. ಬುರುಡೆಯ ಕೆಳಗೆ ತಟ್ಟೆ ಇಟ್ಟ. ನಟ್ಟು ಟಾರ್ಚ್ ಹಿಡಿದು ಅವನ ಪಕ್ಕದಲ್ಲೇ ಮಲಗಿದಳು. ಈಗ ಸೀಲ್ ಚೆನ್ನಾಗಿ ಕಾಣುತ್ತಿತ್ತು. ಒಂದು ಕಡೆ ಚೂರೇ ಚೂರು ಒಳಗೆ ಹೋಗಿ, ಇನ್ನೊಂದು ಕಡೆ ಹೊರಗುಳಿದು, ಸೊಟ್ಟಗೆ ಕೂತಿತ್ತು.

"ಜ್ವರ ಇತ್ತಲ್ಲಪ್ಪಾ ಅವನಿಗೆ" ಎಂದು ನಟ್ಟು ಮೆಲ್ಲಗೆ ಹೇಳಿದಳು. ಅಣ್ಣನಿಗೆ ಕೆಲಸ ಬರುತ್ತಿರಲಿಲ್ಲ ಎಂದು ಯಾರೂ ಅಂದುಕೊಳ್ಳಬಾರದಿತ್ತು.

"ಹೂಂ. ನಾನು ಮೈ ಮುಟ್ಟಿ ನೋಡ್ಲಿಲ್ಲ."

ಅಪ್ಪ ಸ್ಕ್ರೂಡ್ರೈವರಿನ ತುದಿಯನ್ನು ಸೀಲಿನ ಅಂಚಿಗೆ ಇಟ್ಟ. ಸುತ್ತಿಗೆ ಎತ್ತಿದ. ಇಳಿಸಿದ. ಇನ್ನೊಮ್ಮೆ ಎತ್ತಿದ. ಆಗಲೂ ಕೈ ಬರಲಿಲ್ಲ. ನಟ್ಟು ಇನ್ನೂ ಹತ್ತಿರ ಸರಿದು ಅವನ ತೋಳಿಗೆ ತನ್ನ ತಲೆ ತಾಗಿಸಿದಳು. ಮೂರನೆಯ ಸಲ ಅಪ್ಪ ಹೊಡೆದ.

ಸೀಲ್ ಎರಡು ಏಟಿಗೆ ಬಾಗಿ, ಕಿತ್ತುಕೊಂಡು ಬಂತು. ಅಪ್ಪನ ಕೈಯಿಂದ ಸುತ್ತಿಗೆ ಕೆಳಗೆ ಬಿತ್ತು. ಅವನು ಮೊಣಕೈಯನ್ನು ಕಣ್ಣುಗಳ ಮೇಲೆ ಇಟ್ಟುಕೊಂಡ. ಆಸ್ಪತ್ರೆಯಲ್ಲಿ, ಮನೆಯಲ್ಲಿ, ನೆಂಟರೆಲ್ಲ ಬಂದು ಗೋಳಾಡಿದಾಗಲೂ ಅಳದ ಅಪ್ಪ ಈಗ ಲಾರಿಯ ಅಡಿಯಲ್ಲಿ ಮಲಗಿಕೊಂಡು, ಎದೆ ಎಗರುವ ಹಾಗೆ ಅಳುತ್ತಿದ್ದ.

ನಟ್ಟು ಅಮ್ಮನನ್ನು ಕರೆಯಲಿಲ್ಲ. ಅವನ ಮುಖದ ಮೇಲಿಂದ ಟಾರ್ಚ್ ಆಚೆ ತಿರುಗಿಸಿದಳು.

ಹೊಸ ಸೀಲ್ ಕೂರುವ ಜಾಗದಲ್ಲಿ ಒಂದು ಚೂರೂ ಕೊಳೆ ಇರಬಾರದು. ನಟ್ಟು ಬಟ್ಟೆ ತೆಗೆದುಕೊಂಡು ಅದರ ಸುತ್ತ ಒರೆಸತೊಡಗಿದಳು. ಜಾಗ ಬೇಗನೆ ಶುಭ್ರವಾಯಿತು. ಅಪ್ಪನ ಅಳು ಮುಗಿದಿರಲಿಲ್ಲ. ಅವಳು ಅದೇ ಜಾಗವನ್ನು ಮತ್ತೆ ಮೊದಲಿಂದ ಒರೆಸಿದಳು, ನಿಧಾನವಾಗಿ, ಅವಸರವೇ ಇಲ್ಲದ ಹಾಗೆ.