ಪೆಡಲಿನ ಮೇಲಿನ ಕೆಂಪು ಚುಕ್ಕೆ

"ನನ್ನ ತಮ್ಮನ ಕಾಲನ್ನ ಸೈಕಲ್ಲಿಗೆ ಕಟ್ಟಿಹಾಕಿದ ಪುಣ್ಯಾತ್ಮ ನೀವೇನಾ?"

ಮೂಡಿಗೆರೆಯ ಆ ಪುಟ್ಟ ಸೈಕಲ್ ಅಂಗಡಿಯ ಬಾಗಿಲಲ್ಲಿ ನಿಂತು ರಜನಿ ಆಡಿದ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಬಣಕಲ್‌ನಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಈ ಮಾತನ್ನೇ ಮಸೆದುಕೊಂಡು ಬಂದಿದ್ದಳು.

ಚಕ್ರವೊಂದನ್ನು ತಿರುಗಿಸಿ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ ನಂದೀಶ ತಲೆಯೆತ್ತಿದ. ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಎದ್ದು, ಕೈಯಲ್ಲಿದ್ದ ಬಟ್ಟೆಯಿಂದಲೇ ಸ್ಟೂಲು ಒರೆಸಿ ಅವಳ ಮುಂದಿಟ್ಟ.

"ಚನ್ನನ ಅಕ್ಕ ಅಲ್ವಾ ನೀವು? ಕೂತ್ಕೊಳ್ಳಿ. ಕೂತ್ಕೊಂಡೇ ಬೈಬಹುದು."

ಕೋಪದಿಂದ ಬಂದವಳಿಗೆ ಸ್ಟೂಲು ಕೊಡುವ ಗಂಡಸರ ವಿಷಯದಲ್ಲಿ ಹೆಣ್ಣುಮಕ್ಕಳು ಹುಷಾರಾಗಿರಬೇಕು. ರಜನಿಗೆ ಅದು ಆಗ ತಿಳಿಯಲಿಲ್ಲ. ಅವಳು ಕೂತಳು, ಬೈದಳು ಕೂಡ.

ಬೈಯಲು ಕಾರಣವಿತ್ತು. ಅವಳ ತಮ್ಮ ಚನ್ನಬಸವನಿಗೆ ಸೈಕಲ್ಲಿನ ಹುಚ್ಚು. ಕಾಲೇಜು ಮುಗಿಸಿ ಬಣಕಲ್‌ನಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುತ್ತೇನೆ ಎಂದವನು ಅಂಗಡಿಗಿಂತ ಗುಡ್ಡದ ಮೇಲೇ ಹೆಚ್ಚು ಇರುತ್ತಿದ್ದ. ಎಸ್ಟೇಟಿನ ಕಲ್ಲುದಾರಿಗೆಂದು ಮೊದಲು ಸೈಕಲ್ಲಿನ ಮುಂಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಹಾಕಿಸಿದ. ಆಮೇಲೆ ಹಲ್ಲಿನ ದಪ್ಪ ಟೈರು, ಆಮೇಲೆ ಹೊಸ ಗೇರು. ಅಂಗಾಲಿನಿಂದ ನೆತ್ತಿಯವರೆಗೆ ಸೈಕಲ್ಲೇ ಬದಲಾಯಿತಲ್ಲೋ ಎಂದು ಅಪ್ಪ ಸಿದ್ದಬಸಪ್ಪ ಗೊಣಗುತ್ತಿದ್ದರು. ಕೊನೆಗೆ ಉಳಿದದ್ದು ಪೆಡಲು. ಈಗ ಅದೂ ಬಂದಿತ್ತು. ಶೂಸಿನ ಅಡಿಯಲ್ಲಿರುವ ಲೋಹದ ಹಲ್ಲು ಪೆಡಲಿಗೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಹೆಸರು ಕ್ಲಿಪ್‌ಲೆಸ್ ಪೆಡಲಂತೆ. ಕ್ಲಿಪ್ ಆಗುವುದೇ ಅದರ ಕೆಲಸ, ಹೆಸರು ಮಾತ್ರ ಕ್ಲಿಪ್ ಇಲ್ಲದ್ದು! ಹಾಕಿಸಿಕೊಂಡ ಮೊದಲ ದಿನವೇ ಚನ್ನ ಬಣಕಲ್ ಬಸ್‌ಸ್ಟಾಪಿನಲ್ಲಿ ಬ್ರೇಕು ಹಿಡಿದ, ಕಾಲು ಬಿಡಿಸಿಕೊಳ್ಳುವುದನ್ನು ಮರೆತ, ಊರಿನವರೆಲ್ಲ ನೋಡುತ್ತಿರುವಂತೆ ಸೈಕಲ್ ಸಮೇತ ಮಗುಚಿ ಬಿದ್ದ.

"ಎಲ್ಲರೂ ಒಂದ್ಸಲ ಹಾಗೆ ಬೀಳ್ತಾರೆ," ಅಂದ ನಂದೀಶ. "ನಾನೂ ಬಿದ್ದಿದ್ದೆ, ಮಂಗಳೂರಿನ ನಡುರಸ್ತೆಯಲ್ಲಿ. ಎಳೆದ್ರೆ ಕಾಲು ಬರಲ್ಲ. ಹಿಮ್ಮಡಿನ ಹೊರಗಡೆ ತಿರುಗಿಸ್ಬೇಕು ಅಷ್ಟೆ."

ಆ ಸೈಕಲ್ ರಿಪೇರಿಗೆಂದು ಅಲ್ಲೇ ನಿಂತಿತ್ತು. ಅವನು ಅಂಥದೇ ಒಂದು ಶೂಸನ್ನು ಕೈಯಲ್ಲಿ ಹಿಡಿದು ಪೆಡಲಿಗೆ ಒತ್ತಿ, ತಿರುಗಿಸಿ, ಬಿಡಿಸಿ ತೋರಿಸಿದ. ಪೆಡಲಿನ ಹಿಂಬದಿಯಲ್ಲಿ ಸಣ್ಣ ತಿರುಪೊಂದಿತ್ತು. ಅದನ್ನು ಬಿಗಿ ಮಾಡಿದರೆ ಸ್ಪ್ರಿಂಗು ಗಟ್ಟಿಯಾಗಿ ಹಿಡಿಯುತ್ತದೆ, ಸಡಿಲ ಮಾಡಿದರೆ ಸುಲಭವಾಗಿ ಬಿಡುತ್ತದೆ.

"ಪೂರ್ತಿ ಸಡಿಲ ಮಾಡಿ," ಅಂದಳು ರಜನಿ. "ಇನ್ನು ತಿರುಗಿಸೋಕಾಗಲ್ಲ ಅನ್ನೋವಷ್ಟು."

ಅವನು ಎರಡೂ ಪೆಡಲುಗಳ ತಿರುಪನ್ನು ಕೊನೆಯವರೆಗೂ ಸಡಿಲಿಸಿದ. ಆದರೆ ಚನ್ನ ಸುಮ್ಮನಿರುವವನಲ್ಲ, ಮನೆಗೆ ಹೋಗಿ ತಾನೇ ಬಿಗಿ ಮಾಡಿಕೊಂಡಾನು ಎಂಬ ಅನುಮಾನ ಅವಳಿಗೆ ಹೋಗಲಿಲ್ಲ. ನಂದೀಶ ಅವಳ ಕೆಂಪು ಉಗುರುಗಳನ್ನು ನೋಡಿ, ಆ ಬಣ್ಣದ ಶೀಶೆ ಬ್ಯಾಗಿನಲ್ಲಿದೆಯಾ ಎಂದು ಕೇಳಿದ. ಅವಳು ಅನುಮಾನದಿಂದಲೇ ಕೊಟ್ಟಳು. ಅವನು ಎರಡೂ ತಿರುಪುಗಳ ತಲೆಯ ಮೇಲೆ ಒಂದೊಂದು ಹನಿ ಇಟ್ಟ.

"ಯಾರಾದ್ರೂ ತಿರುಗಿಸಿದ್ರೆ ಈ ಬಣ್ಣ ಒಡೀತದೆ. ಆಗ ಬಂದು ನನ್ನ ಕಿವಿ ಹಿಂಡಿ."

ಬಸ್ಸಿನಲ್ಲಿ ಹಿಂದಿರುಗುವಾಗ ರಜನಿ ತನ್ನಷ್ಟಕ್ಕೆ ನಕ್ಕಳು. ಜಗಳಕ್ಕೆ ಹೋದವಳು ಉಗುರುಬಣ್ಣ ಕೊಟ್ಟು ಬಂದೆನಲ್ಲ!

ಆಮೇಲೆ ಸೈಕಲ್ಲಿನ ನೆಪಗಳಿಗೆ ಬರವಿರಲಿಲ್ಲ. ಕೆಂಪು ಚುಕ್ಕೆ ಒಡೆದಿಲ್ಲ ತಾನೇ ಎಂದು ನೋಡಲು ನಂದೀಶ ಬಣಕಲ್‌ಗೆ ಬರುವುದು, ಚೈನು ಸದ್ದು ಮಾಡುತ್ತಿದೆ ಎಂದು ಹೇಳಲು ರಜನಿ ಮೂಡಿಗೆರೆಗೆ ಹೋಗುವುದು... ಚನ್ನನಿಗೆ ಎಲ್ಲವೂ ಗೊತ್ತಿತ್ತು. "ಅಕ್ಕ, ನನ್ನ ಚೈನು ಸರಿಯಾಗೇ ಇದೆ, ನಿಂದೇ ಯಾಕೋ ಸದ್ದು ಮಾಡ್ತಿದೆ," ಎಂದು ಕಾಡಿಸುತ್ತಿದ್ದ. ಅಪ್ಪ ಅಮ್ಮನ ಹತ್ತಿರ ಮಾತೆತ್ತಿದವನೂ ಅವನೇ. ಎರಡು ಮನೆಯವರೂ ಕೂತು ಮಾತಾಡಿದರು. ಶ್ರಾವಣ ಕಳೆದ ಮೇಲೆ ವೀಳ್ಯಶಾಸ್ತ್ರ ಎಂದು ನಿಶ್ಚಯವಾಯಿತು.

ಶ್ರಾವಣಕ್ಕೆ ಮೊದಲು ಆಷಾಢವಿತ್ತು. ಮಳೆ ಹಿಡಿಯಿತೆಂದರೆ ಕಾಫಿ ತೋಟದ ದಾರಿಗಳಲ್ಲಿ ಇಂಬಳಗಳ ರಾಜ್ಯ. ಎಲೆಯ ತುದಿಯಲ್ಲಿ ಕಾದು ಕೂತಿದ್ದು ಕಾಲಿಗೆ ಹತ್ತಿ, ಗೊತ್ತೇ ಆಗದಂತೆ ರಕ್ತ ಹೀರುತ್ತವೆ. ಚನ್ನ ಮಳೆಯಲ್ಲೂ ಸೈಕಲ್ ಬಿಡುವವನಲ್ಲ. ಸಂಜೆ ಬಂದು ಕಾಲುಚೀಲ ತೆಗೆದರೆ ರಕ್ತ. ರಜನಿಗೆ ನೋಡಲಾಗುತ್ತಿರಲಿಲ್ಲ. ಅವಳು ತೋಟಕ್ಕೆ ಹೋಗುವವರೆಲ್ಲ ಮಾಡುವುದನ್ನೇ ಮಾಡಿದಳು. ಅವನ ಕಾಲುಚೀಲವನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದಳು. ಉಪ್ಪು, ಹೊಗೆಸೊಪ್ಪು ಅರೆದು ಶೂಸಿನ ಅಡಿಗೆಲ್ಲ, ಆ ಲೋಹದ ಹಲ್ಲಿನ ಸಂದಿಗೂ ಬಿಡದಂತೆ, ದಿನಾ ಬೆಳಿಗ್ಗೆ ಹಚ್ಚಿಕೊಟ್ಟಳು.

"ಈಗ ಒಂದು ಇಂಬಳಾನೂ ನಿನ್ನ ಹತ್ತಿರ ಸುಳಿಯಲ್ಲ ನೋಡು," ಅಂದಳು.

ನಿಜಕ್ಕೂ ಸುಳಿಯಲಿಲ್ಲ.

ಆಷಾಢದ ಕೊನೆಯಲ್ಲಿ, ಜಾವಳಿಯ ಹತ್ತಿರ ಒಂದು ತಿರುವಿನಲ್ಲಿ, ಎದುರಿನಿಂದ ಮರದ ಲಾರಿ ಬಂತು. ಚನ್ನ ಸರಿಯಾಗಿಯೇ ಬದಿಗೆ ಬಂದ, ಸರಿಯಾಗಿಯೇ ನಿಲ್ಲಿಸಿದ. ಆಮೇಲೆ ನಡೆದದ್ದನ್ನು ಲಾರಿಯ ಡ್ರೈವರ್ ಅಳುತ್ತಲೇ ಹೇಳಿದ. ಹುಡುಗ ಕಾಲು ಕೆಳಗಿಡಲು ನೋಡಿದ. ಕಾಲು ಬರಲಿಲ್ಲ. ತಿರುಗಿಸಿದ, ಮತ್ತೆ ತಿರುಗಿಸಿದ... ಸೈಕಲ್ ಸಮೇತ ಹಾಗೇ ಕಣಿವೆಯ ಕಡೆಗೆ ವಾಲಿದ. ಕೆಳಗೆ ಬಂಡೆಯಿತ್ತು.

ಚನ್ನನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಸೈಕಲ್ ಅಂಗಳದಲ್ಲಿ ಬಿದ್ದಿತ್ತು. ನಂದೀಶ ಅದರ ಪಕ್ಕ ಕೂತು ಎಡಗಡೆಯ ಪೆಡಲನ್ನೇ ನೋಡುತ್ತಿದ್ದ. ಹೆಬ್ಬೆರಳಿನಿಂದ ಸ್ಪ್ರಿಂಗನ್ನು ಒತ್ತಿದ, ಅದು ಅಲುಗಲಿಲ್ಲ. ಬೆರಳನ್ನು ನಾಲಿಗೆಗೆ ಮುಟ್ಟಿಸಿದ. ಅವನ ಮುಖ ಬಿಳಿಚಿಕೊಂಡಿತು.

ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದ ರಜನಿ ಹೊರಗೆ ಬಂದಳು. ಕೂದಲು ಕೆದರಿತ್ತು, ಕಣ್ಣಲ್ಲಿ ನೀರೇ ಇರಲಿಲ್ಲ.

"ಸುಲಭವಾಗಿ ಬಿಡ್ತದೆ ಅಂದಿದ್ರಿ. ಯಾಕೆ ಬಿಡ್ಲಿಲ್ಲ? ಹೇಳಿ, ಯಾಕೆ ಬಿಡ್ಲಿಲ್ಲ?"

ಅಂಗಳದಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ನಂದೀಶ ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹೋದ ವಾರ ನಾನೇ ಸ್ಪ್ರಿಂಗು ಬಿಗಿ ಮಾಡಿದ್ದೆ. ತಪ್ಪು ನಂದು."

ಸಿದ್ದಬಸಪ್ಪ ಅವನ ಮೇಲೆ ಕೈಯೆತ್ತಲಿಲ್ಲ. ಈ ಮನೆಯಲ್ಲಿ ನಿನಗೆ ಒಂದು ಲೋಟ ನೀರೂ ಇಲ್ಲ, ಹೋಗು ಎಂದರು. ಅವನು ಹೋದ. ರಜನಿ ಅವನ ಬೆನ್ನನ್ನು ನೋಡುತ್ತ ನಿಂತಳು. ಇಷ್ಟು ಪ್ರೀತಿಸಿದವನನ್ನು ಇಷ್ಟು ದ್ವೇಷಿಸಲು ಸಾಧ್ಯವೇ ಎಂದು ತನ್ನನ್ನೇ ಕೇಳಿಕೊಂಡಳು. ಸಾಧ್ಯವಿತ್ತು. ಆ ದ್ವೇಷವನ್ನು ಹಿಡಿದುಕೊಂಡೇ ಅವಳು ಮುಂದಿನ ವರ್ಷಗಳನ್ನು ದಾಟಿದಳು.

ಮೂಡಿಗೆರೆಯ ಅಂಗಡಿ ಮುಚ್ಚಿತು. ನಂದೀಶ ಸಂಸೆಯ ಕಡೆ ಹೋದನಂತೆ, ಹೋಂಸ್ಟೇಗೆ ಬರುವವರಿಗೆ ಬಾಡಿಗೆ ಸೈಕಲ್ ಕೊಡುತ್ತಾನಂತೆ ಎಂದು ಯಾರೋ ಹೇಳಿದರು. ಅವಳು ಕೇಳಿಸದವಳಂತೆ ಎದ್ದು ಒಳಗೆ ಹೋದಳು. ಬಂದ ಸಂಬಂಧಗಳನ್ನೆಲ್ಲ ಬೇಡವೆಂದಳು. ತಮ್ಮ ಕೂರಬೇಕಿದ್ದ ಅಂಗಡಿಯಲ್ಲಿ ತಾನು ಕೂತಳು. ಉಗುರಿಗೆ ಬಣ್ಣ ಹಚ್ಚುವುದನ್ನಂತೂ ಅಂದೇ ಬಿಟ್ಟಿದ್ದಳು.

ಹೀಗೆಯೇ ಕಳೆದುಹೋಗುತ್ತಿತ್ತೇನೋ. ಆದರೆ ಚನ್ನ ಹೋದ ಆರನೆಯ ವರ್ಷ, 2009ರ ಮಳೆಗಾಲದಲ್ಲಿ ಒಂದು ದಿನ, ಗಿರಾಕಿಯೊಬ್ಬರು ಮೊಳೆ ಕೇಳಿದರು. ರಜನಿ ಡಬ್ಬಕ್ಕೆ ಕೈ ಹಾಕಿದರೆ ಮೊಳೆಗಳು ಬಿಡಿಬಿಡಿಯಾಗಿ ಬರಲಿಲ್ಲ. ಎಲ್ಲವೂ ಒಂದಕ್ಕೊಂದು ಕಚ್ಚಿಕೊಂಡು ಕೆಂಪು ಉಂಡೆಯಾಗಿದ್ದವು. ಪಕ್ಕದಲ್ಲೇ ಹರಳುಪ್ಪಿನ ಮೂಟೆ ನೀರೊಡೆದು ಸೋರುತ್ತಿತ್ತು.

"ಮಳೆಗಾಲದಲ್ಲಿ ಉಪ್ಪಿನ ಪಕ್ಕ ಕಬ್ಬಿಣ ಇಡ್ತಾರೇನಮ್ಮ?" ಅಂದರು ಅಪ್ಪ, ಬೇಸರದಿಂದ. "ತಿಂದು ಹಾಕಿಬಿಡ್ತದೆ ಅದು. ಇನ್ನು ಏನು ಮಾಡಿದ್ರೂ ಬಿಡಲ್ಲ."

ಬಿಡಲ್ಲ...

ರಜನಿಯ ಕೈಯಲ್ಲಿ ಆ ಉಂಡೆ ಹಾಗೇ ಉಳಿಯಿತು. ಅಂಗಳದಲ್ಲಿ ಕೂತ ನಂದೀಶ ಕಣ್ಣಮುಂದೆ ಬಂದ. ಅಂದು ಅವನು ಬೆರಳನ್ನು ನಾಲಿಗೆಗೆ ಯಾಕೆ ಮುಟ್ಟಿಸಿಕೊಂಡ?

ಅವಳು ಅಂಗಡಿ ಬಿಟ್ಟು ಮನೆಗೆ ಓಡಿದಳು. ಅಂದಿನಿಂದ ಯಾರೂ ಮುಟ್ಟದ ಸೈಕಲ್ ಅಟ್ಟದ ಮೂಲೆಯಲ್ಲಿ, ಗೋಣಿಚೀಲದ ಕೆಳಗಿತ್ತು. ಚೀಲ ಎಳೆದು, ಎಡಗಡೆಯ ಪೆಡಲನ್ನು ಬೆಳಕಿಗೆ ತಿರುಗಿಸಿದಳು. ಸ್ಪ್ರಿಂಗು ಆ ಮೊಳೆಗಳ ಹಾಗೆಯೇ ತುಕ್ಕಿನಲ್ಲಿ ಗಡ್ಡೆಕಟ್ಟಿತ್ತು. ಅದರ ಹಿಂದೆ ತಿರುಪು. ತಿರುಪಿನ ತಲೆಯ ಮೇಲೆ, ಒಂದು ಬಿರುಕೂ ಇಲ್ಲದೆ, ಅವಳ ಉಗುರುಬಣ್ಣದ ಕೆಂಪು ಚುಕ್ಕೆ.

ಯಾರೂ ಅದನ್ನು ತಿರುಗಿಸಿರಲಿಲ್ಲ. ನಂದೀಶ ಬಿಗಿ ಮಾಡಿರಲೇ ಇಲ್ಲ.

ಹಾಗಾದರೆ ತಮ್ಮನ ಕಾಲನ್ನು ಹಿಡಿದುಕೊಂಡದ್ದು ಶೂಸಿನಿಂದ ಪೆಡಲಿಗಿಳಿದ ಉಪ್ಪು. ದಿನಾ ಬೆಳಿಗ್ಗೆ, ತಾನೇ, ಈ ಎರಡು ಕೈಗಳಿಂದ...

ಸದ್ದು ಕೇಳಿ ಅಟ್ಟ ಹತ್ತಿ ಬಂದ ತಾಯಿ ವಿಶಾಲಾಕ್ಷಮ್ಮನಿಗೆ ಮಗಳು ಸೈಕಲ್ಲನ್ನು ತಬ್ಬಿಕೊಂಡು ಬಿದ್ದಿರುವುದು ಕಂಡಿತು. ರಜನಿ ಎಲ್ಲವನ್ನೂ ಹೇಳಿದಳು. ಉಪ್ಪು, ಚುಕ್ಕೆ, ನಂದೀಶನ ಸುಳ್ಳು. ನಾನೇ ಚನ್ನನನ್ನು ಕೊಂದೆ ಕಣಮ್ಮ ಎಂದಳು. ಕೈ ಹಿಡಿದು ಬೆಳೆಸಿದ ತಮ್ಮನನ್ನು ಅಕ್ಕರೆಯಿಂದಲೇ ಕಳೆದುಕೊಂಡವಳಿಗೆ ಏನು ಸಮಾಧಾನ ಹೇಳಲಾದೀತು? ತಾಯಿ ಅವಳ ಪಕ್ಕ ಕೂತರು. ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು.

"ಇಂಬಳಕ್ಕೆ ಉಪ್ಪು ಹಚ್ಚೋದನ್ನ ನಿನಗೆ ಕಲಿಸಿದ್ದು ನಾನು," ಅಂದರು. "ನನಗೆ ಕಲಿಸಿದ್ದು ನನ್ನಮ್ಮ. ಯಾರನ್ನ ಅಂತ ಬೈಯೋಣ, ಹೇಳು?"

ರಜನಿ ಬಿಕ್ಕುತ್ತಲೇ ಇದ್ದಳು.

"ನಿಮ್ಮಪ್ಪನಿಗೆ ನಾನು ಹೇಳ್ತೀನಿ. ನೀನು ನಾಳೆ ಬೆಳಿಗ್ಗೆ ಸಂಸೆಗೆ ಹೋಗು. ಆ ಹುಡುಗನಿಗೆ ನಾವು ನೀರೂ ಕೊಡದೆ ಕಳಿಸಿದ್ವಿ."

ಬೆಳಿಗ್ಗೆ ರಜನಿ ತಾನೇ ಅಕ್ಕಿರೊಟ್ಟಿ ತಟ್ಟಿ ಬುತ್ತಿ ಕಟ್ಟಿಕೊಂಡು ಹೊರಟಳು. ಕಳಸದಲ್ಲಿ ಬಸ್ಸಿಳಿದು ಜೀಪು ಹತ್ತಿದಳು. ಸಂಸೆಯಲ್ಲಿ ರಸ್ತೆಯ ಬದಿಗೇ ಶೀಟಿನ ಮಾಡು. ಸಾಲಾಗಿ ನಿಂತ ಸೈಕಲ್ಲುಗಳಲ್ಲಿ ಒಂದಕ್ಕೂ ಕಾಲು ಕಚ್ಚಿಕೊಳ್ಳುವ ಪೆಡಲಿರಲಿಲ್ಲ. ಎಲ್ಲವೂ ಹಳೆಯ ಕಾಲದ ಚಪ್ಪಟೆ ಪೆಡಲು.

ನಂದೀಶ ತಲೆಯೆತ್ತಿದ. ಕಿವಿಯ ಪಕ್ಕ ಕೂದಲು ನರೆತಿತ್ತು. ಅವಳನ್ನು ನೋಡಿ ಎದ್ದ. ಏನೂ ಕೇಳದೆ ಸ್ಟೂಲು ಒರೆಸಿ ಮುಂದಿಟ್ಟ.

ರಜನಿ ಕೂರಲಿಲ್ಲ.

"ಚುಕ್ಕೆ ಒಡೆದಿರಲಿಲ್ಲ," ಅಂದಳು.

ಅವನ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು.

"ನಿಮಗೆ ಅವತ್ತೇ ಗೊತ್ತಾಗಿತ್ತು. ಯಾಕೆ ಸುಳ್ಳು ಹೇಳಿದ್ರಿ?"

"ಪೂರ್ತಿ ಸುಳ್ಳಲ್ಲ," ಅಂದ ನಂದೀಶ ಮೆಲ್ಲಗೆ. "ಮಳೆಗಾಲದಲ್ಲಿ ವಾರಕ್ಕೊಂದ್ಸಲ ಪೆಡಲು ತೊಳೆದು ಎಣ್ಣೆ ಬಿಡ್ಬೇಕು. ಅದು ನನ್ನ ಕೆಲಸ. ಬಣಕಲ್‌ಗೆ ಬಂದಾಗೆಲ್ಲ ಚುಕ್ಕೆ ನೋಡ್ದೆ, ನಿಮ್ಮನ್ನ ನೋಡ್ದೆ. ಸ್ಪ್ರಿಂಗು ಒತ್ತಿ ನೋಡ್ಲಿಲ್ಲ."

"ಅದಕ್ಕೆ ಎಲ್ಲರ ಮುಂದೆ ಕೊಲೆಗಾರ ಅನ್ನಿಸ್ಕೊಂಡ್ರಾ?"

ಅವನು ರಸ್ತೆಯ ಆಚೆಗಿನ ಗದ್ದೆಯ ಕಡೆ ನೋಡಿದ.

"ಅವತ್ತು ನಿಮ್ಮ ಕಣ್ಣು ನೋಡ್ದೆ. ನೀವು ದಿನಾ ಶೂಸಿಗೆ ಉಪ್ಪು ಹಚ್ತೀರಿ ಅಂತ ಚನ್ನ ಹೇಳಿದ್ದ. ಅದು ಉಪ್ಪು ಅಂತ ಹೇಳಿದ್ರೆ ನೀವು ಉಳಿತಿರ್ಲಿಲ್ಲ. ನನ್ನನ್ನ ಬೈಕೊಂಡಾದ್ರೂ ಇರ್ತೀರಲ್ಲ ಅಂದ್ಕೊಂಡೆ."

ಈಗ ರಜನಿ ಕೂತಳು. ಇಷ್ಟು ವರ್ಷ ತಾನು ಬದುಕಿದ್ದು ಈ ಮನುಷ್ಯ ಹೊತ್ತ ಅಪವಾದದ ನೆರಳಲ್ಲಿ! ಕ್ಷಮಿಸಿ ಎನ್ನಲು ಬಾಯಿ ತೆರೆದರೆ ಅಳು ಬಂತು. ಅವನು ತಡೆಯಲಿಲ್ಲ, ಅವಳೆದುರು ನೆಲದ ಮೇಲೆ ಕೂತು ತಾನೂ ಅತ್ತ. ಚನ್ನನಿಗಾಗಿ ಇಬ್ಬರೂ ಜೊತೆಯಾಗಿ ಅತ್ತದ್ದು ಅದೇ ಮೊದಲು.

ಬಹಳ ಹೊತ್ತಾದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಬುತ್ತಿ ಬಿಚ್ಚಿದಳು.

"ಅಮ್ಮ ನಿಮ್ಮನ್ನ ಕರ್ಕೊಂಡು ಬಾ ಅಂದಿದ್ದಾರೆ. ಅಪ್ಪನೂ ಬಸ್ಸು ಹತ್ತಿಸೋಕೆ ಬಂದಿದ್ರು. ಬಸ್ಸು ಹೊರಡೋವರೆಗೂ ನಿಂತಿದ್ರು."

ನಂದೀಶ ರೊಟ್ಟಿ ಮುರಿದು ಬಾಯಿಗಿಟ್ಟ. ಒಂದು ಕ್ಷಣ ತಡೆದ. ಮತ್ತೆ ಏನೂ ಆಗದವನಂತೆ ಅಗಿಯತೊಡಗಿದ.

"ಉಪ್ಪಿಲ್ಲ, ಅಲ್ವಾ?" ರಜನಿಯ ದನಿ ಒಡೆಯಿತು. "ಡಬ್ಬಿ ಹತ್ರ ಹೋದೆ. ಕೈ ಹಾಕೋಕಾಗ್ಲಿಲ್ಲ. ಇನ್ನು ನನ್ನ ಕೈಲಿ ಆಗಲ್ಲ."

ಅವನು ಎದ್ದು ಒಳಗೆ ಹೋದ. ಹಿಂದಿರುಗಿದಾಗ ಅಂಗೈಯಲ್ಲಿ ಒಂದು ಚಿಟಿಕೆ ಉಪ್ಪಿತ್ತು. ಅದನ್ನು ರೊಟ್ಟಿಯ ಮೇಲೆ ಉದುರಿಸಿ, ಮುರಿದು, ಮೊದಲ ತುಂಡನ್ನು ಅವಳ ತುಟಿಯ ಹತ್ತಿರ ಹಿಡಿದ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಕೈ ಹಿಂದೆಗೆಯಲಿಲ್ಲ.

"ಇಂಬಳ ಕಚ್ಚದೆ ಇರ್ಲಿ ಅಂತ ಹಚ್ಚಿದ್ದೆ ನೀನು. ಚನ್ನನಿಗೂ ಅದು ಗೊತ್ತಿತ್ತು," ಅಂದ. ನಿಶ್ಚಯವಾದ ಮೇಲೂ ನೀವು ಎನ್ನುತ್ತಿದ್ದವನು ಅವಳನ್ನು ನೀನು ಎಂದದ್ದು ಅದೇ ಮೊದಲ ಸಲ. "ತಿನ್ನು ರಜನಿ."

ಅವಳು ಬಾಯಿ ತೆರೆದಳು. ನಾಲಿಗೆಗೆ ಉಪ್ಪು ತಾಗಿತು.

"ಬರ್ತೀರಾ, ಮನೆಗೆ?" ಎಂದು ಕೇಳಿದಳು, ಅಗಿಯುತ್ತಲೇ, ಅಳುತ್ತಲೇ.

"ಈ ರೊಟ್ಟಿ ಮುಗೀಲಿ," ಅಂದ ನಂದೀಶ. "ಒಟ್ಟಿಗೇ ಹೋಗೋಣ."