ನೀಲಿ ತೋಟದಲ್ಲಿ ಓದಬೇಕಿದ್ದ ಹಾಳೆ

"ಅಕ್ಕೋರ, ನಮ್ಮ ಮನ್ಯಾಗ ಕಳ್ಳತನ ಆಗೇತ್ರಿ."

ಬಾಗಿಲಲ್ಲಿ ನಿಂತೇ ಫಹ್ಮಿದಾ ಹೀಗೆಂದಾಗ ಸ್ಮೃತಿಯ ಕಣ್ಣು ಹೋದದ್ದು ಅವರ ಎದೆಗವಚಿದ್ದ ಗಂಟಿನ ಮೇಲೆ. ದುಪಟ್ಟಾದಲ್ಲಿ ಸುತ್ತಿದ್ದ ಒಂದು ನೋಟುಬುಕ್ಕು ಅದು. ಅರವತ್ತೈದರ ಹೆಂಗಸು, ಮೂಗಿನ ಮೇಲೆ ಮಾಸ್ಕ್ ಏರಿಸಿಕೊಂಡು, ಡಚ್ ನಾಡಿನ ಬಾಡ್‌ಹೂವೆಡಾರ್ಪ್‌ನಿಂದ ಬಸ್ಸು ಬದಲಾಯಿಸುತ್ತ ಒಬ್ಬರೇ ನ್ಯೂವೆಗೈನ್‌ವರೆಗೆ ಬಂದಿದ್ದರು.

ಬಂದದ್ದು ನೀಲಾಂಬಿಕಾ ಅವರ ಬಳಿಗೆ. ಗದಗಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ಅವರು ಮಗಳನ್ನು ನೋಡಲು ಬಂದು, ವಿಮಾನಗಳು ನಿಂತು, ಇಲ್ಲೇ ಉಳಿದಿದ್ದರು. ಮಕ್ಕಳ ಮುಖ ನೋಡಿಯೇ ಸುಳ್ಳು ಹಿಡಿಯುತ್ತಿದ್ದ ಆ ವಿದ್ಯೆಗೆ ಈ ದೇಶದಲ್ಲೂ ಕೆಲಸ ಸಿಕ್ಕಿತ್ತು. ಕನ್ನಡದವರ ಮನೆಗಳಲ್ಲಿ ಏನು ಕಾಣೆಯಾದರೂ ಕರೆ ಅವರಿಗೇ. ಮೇಲಿನ ಮನೆಯ ಸ್ಮೃತಿ ಅವರಿಗೆ ಸಾರಥಿ, ದುಭಾಷಿ, ಜೊತೆಗೆ ಬೈಗುಳ ತಿನ್ನುವ ಶಿಷ್ಯೆ.

ಚಹಾ ಆರುತ್ತಿರಲು ಫಹ್ಮಿದಾ ಹೇಳಿದರು. ಗಂಡ ಅಖ್ತರ್ ಇಳಕಲ್ಲಿನ ಬಣ್ಣಗಾರರ ಮಗ. ನೂಲಿಗೆ ನೀಲಿ ಹಾಕಿ ಹಾಕಿ ಅವರ ತಂದೆಯ ಕೈ ಮೊಣಕೈವರೆಗೂ ನೀಲಿಯಾಗಿತ್ತು. ಮಣ್ಣು ಮಾಡುವ ಮುಂಚೆ ತೊಳೆದಾಗಲೂ ಬಿಟ್ಟಿರಲಿಲ್ಲ. ಅಮೆರಿಕದ ದಕ್ಷಿಣದಲ್ಲಿ, ಸೌತ್ ಕೆರೊಲಿನಾದಲ್ಲಿ, ಗುಲಾಮರಿಂದ ನೀಲಿ ಗಿಡ ಬೆಳೆಸಿ ಬಣ್ಣ ತೆಗೆಸುತ್ತಿದ್ದ ಹಳೆಯ ತೋಟವೊಂದು ಈಗ ನೋಡಲು ತೆರೆದಿದೆ ಎಂದು ಓದಿದಂದಿನಿಂದ ಅಖ್ತರ್‌ಗೆ ಅದೇ ಧ್ಯಾನ. ಯಾವ ವಿಮಾನ, ಯಾವ ರಸ್ತೆ, ಎಲ್ಲವನ್ನೂ ಈ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮಾಲೀಕರ ಬಂಗಲೆಗೆ ಕಾಲಿಡುವುದಿಲ್ಲ, ಮೊದಲು ನೀಲಿ ತೊಟ್ಟಿ, ಆಮೇಲೆ ಗುಲಾಮರ ಗುಡಿಸಲು ಎಂದೂ ಬರೆದಿದ್ದರು.

"ಜನವರ್‍ಯಾಗ ಕೊರೊನಾ ಬಂತ್ರಿ. ಆಸ್ಪತ್ರ್ಯಾಗ ನರ್ಸಮ್ಮ ವಿಡಿಯೋ ಮಾತಿಗೆ ಟ್ಯಾಬ್ ಹಿಡದಿದ್ಲು. ಅವರು ಅಂದ್ರು, ನನಗ ಆಗದಿದ್ರ ನೀ ಹೋಗು, ಮೊದಲ್ನೇ ಹಾಳ್ಯಾಗ ನಿನಗಂತ ಬರದೀನಿ, ಅಲ್ಲಿ ನಿಂತು ಓದು ಅಂತ. ಅದ ಕಡೀ ಮಾತು. ಹತ್ತು ತಿಂಗಳು ನಾ ಪುಸ್ತಕ ತೆರೀಲಿಲ್ಲರಿ. ಈಗ ಅಮೆರಿಕ ಬಾಗ್ಲಾ ತೆರೀತು, ಟಿಕೆಟ್ ಆತು. ಮೊನ್ನೆ ತೆರದು ನೋಡ್ತೀನಿ, ಮೊದಲ್ನೇ ಹಾಳೀನ ಇಲ್ಲ!"

"ಯಾರ ಮ್ಯಾಲ ಸಂಶಯ?"

ಫಹ್ಮಿದಾ ತಲೆ ತಗ್ಗಿಸಿದರು. "ಸೊಸಿ ಮೆಹವಿಶ್. ಈ ವಯಸ್ಸಿನ್ಯಾಗ ಇಂಥಾ ಹೊತ್ತಿನ್ಯಾಗ ಯಾಕ ಹೋಗ್ತೀರಿ ಅಂತ ದಿನಾ ಅಡ್ಡ ಬರತಾಳ. ಮೂರು ದಿನಾ ಆತು, ಅಕಿ ಕೈಯಿಂದ ಊಟಾ ಮಾಡಿಲ್ಲ."

ನೀಲಾಂಬಿಕಾ ಪುಸ್ತಕವನ್ನು ಕಿಟಕಿಯ ಬಳಿ ಹಿಡಿದರು. ಬರೆದದ್ದು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ ಸಾಗುವ ಬರಹ. ಬಲಬದಿಯ ರಟ್ಟು ಎತ್ತಿದರೆ ಒರಟಾಗಿ ಹರಿದ ಅಂಚು, ಅದರಾಚೆ ಅಖ್ತರ್‌ರ ದುಂಡನೆಯ ಅಕ್ಷರ. ಆ ಪುಟವನ್ನು ಅವರು ಬೆಳಕಿಗೆ ಓರೆಯಾಗಿ ಬಾಗಿಸಿದರು.

"ಸ್ಮೃತಿ, ಏನ್ ಕಾಣಸ್ತದ?"

ಮಸಿಯಿಲ್ಲದ ಗೆರೆಗಳು. ಹರಿದುಹೋದ ಹಾಳೆಯ ಮೇಲೆ ಯಾರೋ ಒತ್ತಿ ಬರೆದದ್ದರ ಅಚ್ಚು ಕೆಳಗಿನ ಹಾಳೆಗೆ ಇಳಿದಿತ್ತು. "ಅಂಕಿಗಳು ಆಂಟಿ. ಸೊನ್ನೆ ಆರು ಅಂತ ಶುರು, ಇಲ್ಲಿಯ ಮೊಬೈಲ್ ನಂಬರ್ ಥರ, ಮುಂದಿನವು ಮಸುಕು. ಕೆಳಗೆ ಓದಲಾಗದ ಅಕ್ಷರ, 75, ಆಮೇಲೆ 500."

"ಇದು ಹೆಂಡತಿಗೆ ಬರದ ಮಾತಲ್ಲ. ನಾಳೆ ಇವರ ಮನೀಗೆ ಹೋಗೂಣು," ಎಂದಷ್ಟೇ ಹೇಳಿ ಅವರು ಆರಿದ ಚಹಾ ಕುಡಿದರು.

ಮಾರನೆಯ ದಿನ ಬಾಡ್‌ಹೂವೆಡಾರ್ಪ್‌ನ ಮನೆಯಲ್ಲಿ ಮೆಹವಿಶ್ ಬಾಗಿಲು ತೆರೆದಳು. ಅತ್ತು ಅತ್ತು ಕಣ್ಣು ಊದಿದ್ದವು. ಕೋಟುಗಳನ್ನು ತೂಗುಹಾಕಲು ಮೆಟ್ಟಿಲ ಕೆಳಗಿನ ಕಪಾಟು ತೆರೆದಾಗ ಮೂಲೆಯಲ್ಲಿ ಬಾಯಿ ಬಿಗಿದ ಬಿಳಿ ಪ್ಲಾಸ್ಟಿಕ್ ಚೀಲವೊಂದು ಕಂಡಿತು. "ಆಸ್ಪತ್ರೆಯಿಂದ ಬಂದ ಮಾವನ ಸಾಮಾನು, ಆಂಟಿ. ಮೂರು ದಿನ ತೆಗೀಬೇಡಿ ಅಂದಿದ್ರು. ಆಮೇಲೂ ಯಾರಿಗೂ ಧೈರ್ಯ ಆಗ್ಲಿಲ್ಲ," ಎಂದಳು.

ಕೊರೊನಾ ನಿಯಮದಂತೆ ಆಗ ಒಂದು ಮನೆಗೆ ನಾಲ್ವರಿಗಿಂತ ಹೆಚ್ಚು ಅತಿಥಿಗಳು ಸೇರುವಂತಿರಲಿಲ್ಲ. ನೀಲಾಂಬಿಕಾ, ಸ್ಮೃತಿ, ಮತ್ತೆ ಟಿಕೆಟ್ ಮಾಡಿಕೊಟ್ಟಿದ್ದ, ಫಹ್ಮಿದಾರ ಮಗನ ಸಹೋದ್ಯೋಗಿ ಚೇತನ್, ಮೂವರೇ ಬಂದಿದ್ದರು.

ಚೇತನ್ ಕೇಳುವ ಮುಂಚೆಯೇ ಫೋನು ಚಾಚಿದ. "ಅಕ್ಟೋಬರ್‌ನಲ್ಲಿ ಟಿಕೆಟ್ ಮಾಡೋಕೆ ಅಂತ ಬುಕ್ ನನ್ನ ಕೈಗೆ ಬಂದ ದಿನಾನೇ ಎಲ್ಲಾ ಪೇಜ್ ಫೋಟೋ ತೆಗ್ದಿದ್ದೆ. ನೋಡಿ, ಆಗ್ಲೇ ಹರಿದಿತ್ತು."

ಮಗ ಮುನೀಬ್ ನಿಟ್ಟುಸಿರುಬಿಟ್ಟ. "ಅಮ್ಮಿಗೆ ಏನೋ ಭ್ರಮೆ ಆಂಟಿ. ನಾನೇ ಚೆಕ್ ಮಾಡ್ದೆ. ಫಸ್ಟ್ ಪೇಜ್ ಇಲ್ಲೇ ಇದೆ, ಖಾಲಿ." ಅವನು ಪುಸ್ತಕವನ್ನು ಎಡಬದಿಯಿಂದ ತೆರೆದು ತೋರಿಸಿದ.

ನೀಲಾಂಬಿಕಾ ಅವನ ಕೈಯನ್ನೇ ನೋಡುತ್ತ ಕೇಳಿದರು. "ನೀ ಸಾಲಿ ಕಲತದ್ದು ಕನ್ನಡದಾಗ ಹೌದಲ್ಲೋ? ಮೆಹವಿಶ್, ನೀನು?"

"ಬೀದರಿನಲ್ಲಿ, ಉರ್ದು ಶಾಲೆ."

"ಹಂಗಾದ್ರ ಕೇಳ್ರಿ," ಎಂದು ಅವರು ನೆಟ್ಟಗೆ ಕೂತರು. "ಈ ಹಾಳಿ ಯಾರೂ ಕದ್ದಿಲ್ಲ. ಕದಿಯವರು ಅದರ ಮ್ಯಾಲ ಫೋನ್ ನಂಬರ್ ಬರಕೋತ ಕೂಡೂದಿಲ್ಲ. ಯಾರಿಗೋ ಅವಸರದಾಗ ಒಂದು ಕಾಗದ ಬೇಕಿತ್ತು. ಮೂವತ್ತು ವರ್ಷ ನೋಡೀನಿ, ಕಾಗದ ಬೇಕಂದ್ರ ನಮ್ಮ ಹುಡುಗೂರು ನೋಟ್‌ಬುಕ್ಕಿನ ಕಡೀ ಹಾಳಿ ಹರೀತಾರ. ಮೆಹವಿಶ್‌ಗ ಹರಿದ ಈ ಬಲಬದಿ ಅಂದ್ರ ಮೊದಲು, ಅಕಿ ಇದನ್ನ ಮುಟ್ಟಾಕಿ ಅಲ್ಲ. ಇದು ಕಡೀ ಬದಿ ಅನ್ನಾಂವ ಮುಟ್ಟಿದ. ಚೇತನ್ ಕೈಗೆ ಬರೂ ಮುಂಚೇನ ಹರಿದಿತ್ತು. ಉಳಿದಾಂವ ಒಬ್ಬನ."

"ನಾನಾ?" ಮುನೀಬ್ ಎದ್ದುನಿಂತ. "ಅಬ್ಬಾ ಬರೆದಿದ್ದನ್ನ ನಾನು ಹರೀತೀನಾ?"

"ಬರದದ್ದು ನಿನಗ ಕಾಣಲಿಲ್ಲಪಾ. ನಿಮ್ಮಪ್ಪ ರಟ್ಟಿನ ಎದುರಿನ ಮಗ್ಗಲಾ ಖಾಲಿ ಬಿಟ್ಟು, ಹಾಳಿ ಹಿಂದ ಬರದಾರ. ನಿನಗ ಕಂಡದ್ದು ಖಾಲಿ ಮಗ್ಗಲಾ. 75, 500 ಅಂದ್ರ ಗುಳಿಗಿ ಮಿಲಿಗ್ರಾಂ. ಮನೀಗೆ ಆಂಬುಲೆನ್ಸ್ ಬಂದ ದಿನಾ ನೆನಸ್ಕೋ."

ಮುನೀಬ್ ತುಟಿ ಕಚ್ಚಿದ. "ಬೆಳಗ್ಗೆ... ಅಬ್ಬಾ ಯಾವ ಮಾತ್ರೆ ತಗೋತಾರೆ ಬರೆದುಕೊಡಿ ಅಂದ್ರು. ನಮ್ಮನ್ನ ಯಾರನ್ನೂ ಜೊತೆಗೆ ಬಿಡಲ್ಲ ಅಂದ್ರು. ಮಂಚದ ಪಕ್ಕ ಏನೋ ಬುಕ್ ಇತ್ತು. ಮಾತ್ರೆ ಹೆಸರು, ನನ್ನ ನಂಬರ್ ಬರೆದು, ಹರಿದು, ಅಬ್ಬಾನ ಸ್ವೆಟರ್ ಜೇಬಿಗೆ ಹಾಕ್ದೆ..." ಅವನು ಮುಖ ಮುಚ್ಚಿಕೊಂಡ.

ಮೆಹವಿಶ್ ಯಾರೂ ಹೇಳದೆಯೇ ಎದ್ದು ಆ ಚೀಲ ತಂದಳು. ಫಹ್ಮಿದಾ ತಾವೇ ಗಂಟು ಬಿಚ್ಚಿದರು. ಕನ್ನಡಕ, ಜಪಮಣಿ, ಬೂದು ಸ್ವೆಟರ್. ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಹಾಳೆ. ಹೊರಮೈಯಲ್ಲಿ ಮಗನ ಅವಸರದ ಅಂಕಿಗಳು.

ಅಖ್ತರ್ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಆ ಹಾಳೆ ಅವರ ಸ್ವೆಟರಿನಲ್ಲೇ ಇತ್ತು. ಅದು ಪುಸ್ತಕದಲ್ಲೇ ಇದೆಯೆಂದು ನಂಬಿ ಆ ಜೀವ ಹೋಗಿತ್ತು. ನೀಲಾಂಬಿಕಾ ಮಾಸ್ಕ್ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡರು.

"ನಾನೇ ಹಾಳು ಮಾಡಿದೆ ಅಮ್ಮಿ."

"ಹುಚ್ಚಪ್ಪಾ, ಅವರು ಒಬ್ಬರ ಹೋಗಲಿಲ್ಲಲ್ಲೋ. ನಿನ್ನ ಅಕ್ಷರಾನೂ ಜೋಡೀಲೆ ಹೋತು." ಫಹ್ಮಿದಾ ಮಗನ ತಲೆ ಸವರಿದರು.

ಬೆಳಕಿಗೆ ಹಿಡಿದಾಗ ಮಡಿಕೆಯೊಳಗಿನ ಉರ್ದು ಸಾಲುಗಳು ಹಿಂದಿನಿಂದ ಮೂಡಿದವು. ಅವನ್ನು ಓದಬಲ್ಲ ಮೆಹವಿಶ್, ತನಗೆ ಬರೆದದ್ದಲ್ಲವೆಂದು ತಟ್ಟನೆ ಬೇರೆಡೆ ಮುಖ ತಿರುಗಿಸಿದಳು. ಅದನ್ನು ಫಹ್ಮಿದಾ ನೋಡಿದರು. ಮಡಿಕೆ ಬಿಚ್ಚಲಿಲ್ಲ, ಪುಸ್ತಕದ ಬಲಬದಿಯ ರಟ್ಟಿನೊಳಗೆ ಹಾಳೆಯನ್ನಿಟ್ಟು ಮುಚ್ಚಿದರು.

"ಮೆಹವಿಶ್, ನನಗ ಇನ್ನೊಂದು ಟಿಕೆಟ್ ಬೇಕವಾ. ಆ ತೊಟ್ಟಿ ಮುಂದ ನಿಂತಾಗ ನನ್ನ ಕಣ್ಣಿಗೆ ಅಕ್ಷರ ಕಾಣೂದಿಲ್ಲ. ನೀ ಓದಿ ಹೇಳಬೇಕು." ಸೊಸೆಯ ಕೈ ಹಿಡಿದು ಮತ್ತೆ ಹೇಳಿದರು, "ಈಗ ಊಟಕ್ಕ ಹಾಕು. ನಾಕು ದಿನದಿಂದ ಹಸದೀನಿ."